ಹನಿಬಂಡಿ: ಚಕ್ರದ ಮೇಲೊಂದು ಮಲಗುಕೋಣೆ

ಬೆಂಗಳೂರಿನ ಲಾಲ್‌ಬಾಗಿನ ಮಗ್ಗುಲಿಗಿರುವ ಸಿದ್ದಾಪುರವು ಸಸಿ ಮಾರುವ ನರ್ಸರಿಗಳಿಗೆ ಹೆಸರಾದ ಸ್ಥಳ. ಎರಡು ಚಕ್ರದ ಕೈಗಾಡಿಯೊಂದಕ್ಕೆ ಮಣ್ಣು ತುಂಬಿದ ಕುಂಡಗಳನ್ನು ಏರಿಸುವ ಕೆಲಸಗಾರನನ್ನು ಸ್ವಲ್ಪ ಹೊತ್ತು ಗಮನಿಸಿದರೆ ಒಂದು ಸಂಗತಿ ಕಂಡುಬರುತ್ತದೆ. ಆತನು ಕುಂಡಗಳನ್ನು ಸಿಕ್ಕಸಿಕ್ಕಲ್ಲಿ ಇಡುವುದಿಲ್ಲ. ಮೊದಲಿನವನ್ನು ಅಚ್ಚಿನ ನೇರಕ್ಕೆ ಇಟ್ಟು, ಆಮೇಲೆ ಮುಂದೊಂದು ಹಿಂದೊಂದು ಇಡುತ್ತ ಬಂದು, ಕಡೆಗೆ ಹಿಡಿಕೆಯನ್ನು ಎತ್ತಿ ನೋಡುತ್ತಾನೆ. ಹಿಡಿಕೆ ತಾನಾಗಿಯೇ ಮೇಲೇಳುವಂತಿದ್ದರೆ ಒಂದೆರಡು ಕುಂಡಗಳನ್ನು ತನ್ನ ಕಡೆಗೆ ಸರಿಸಿಕೊಳ್ಳುತ್ತಾನೆ. ಕೈಗೆ ಕೊಂಚ ಭಾರ ಬಿದ್ದಮೇಲೆಯೇ ಗಾಡಿ ಹೊರಡುವುದು. ನಮ್ಮ ಊರುಗಳಲ್ಲಿ ಜಟಕಾ ಗಾಡಿಗಳು ಓಡುತ್ತಿದ್ದ ಕಾಲದಲ್ಲಿ ಗಾಡಿಯವನು ಹೇಳುತ್ತಿದ್ದುದೂ ಇದೇ: “ಇನ್ನೂ ಮುಂದಕ್ಕೆ ಬನ್ನಿ ಸ್ವಾಮಿ, ಹಿಂಭಾರ ಆಗ್ತದೆ!”

ಮುಂಭಾರ, ಹಿಂಭಾರ ಎಂಬ ಈ ಎರಡು ಹಳೆಯ ಮಾತುಗಳಲ್ಲಿ ಅಡಗಿರುವ ಯಂತ್ರಶಾಸ್ತ್ರವನ್ನು ನಾವು ಈ ಲೇಖನದಲ್ಲಿ ವಿಚಾರಮಾಡೋಣ. ಅದಕ್ಕೆ ಆರಿಸಿಕೊಂಡಿರುವ ನಿದರ್ಶನ, ಕಾರಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದ, ಇಬ್ಬರು ಮಲಗುವಷ್ಟೇ ಸ್ಥಳವುಳ್ಳ, ಹಿಂಬದಿಯಲ್ಲಿ ಪುಟ್ಟ ಅಡುಗೆ ಗೂಡಿರುವ ಒಂದು ಸಣ್ಣ ಬಂಡಿ. ಅಮೆರಿಕದವರು ಇದನ್ನು ‘ಟಿಯರ್‌ಡ್ರಾಪ್ ಟ್ರೇಲರ್’ ಎಂದರು. ಪಕ್ಕದಿಂದ ನೋಡಿದರೆ ಅಡ್ಡಲಾಗಿ ಮಲಗಿಸಿದ ಕಣ್ಣೀರಿನ ಹನಿಯಂತೆ ಕಾಣುವುದರಿಂದ ಆ ಹೆಸರು. ನಾವು ಹನಿಬಂಡಿ ಎಂದು ಕರೆಯೋಣ. ಮರಗೆಲಸ, ಕಬ್ಬಿಣದ ಕೆಲಸಗಳಲ್ಲಿ ಆಸಕ್ತಿಯುಳ್ಳ ಕಾಲೇಜು ವಿದ್ಯಾರ್ಥಿಗಳ ಗುಂಪೊಂದು, ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ, ಇದನ್ನು ಕಟ್ಟಬಹುದು. ಆದರೆ ತಪ್ಪಾಗಿ ಕಟ್ಟಿದ ಅಥವಾ ತಪ್ಪಾಗಿ ಹೇರಿದ ಹನಿಬಂಡಿಯು ತನ್ನನ್ನು ಎಳೆಯುವ ಕಾರನ್ನೇ ರಸ್ತೆಯಿಂದ ಆಚೆಗೆ ಎಸೆಯಬಲ್ಲದು. ಗಾಳಿಯಾಡದಂತೆ ಮುಚ್ಚಿದ ಹನಿಬಂಡಿಯಲ್ಲಿ ಮಲಗಿದವರು ಏಳದೆಯೇ ಹೋಗಬಹುದು. ಆದುದರಿಂದ ಉಳಿ ಸುತ್ತಿಗೆಗಳನ್ನು ಹಿಡಿಯುವ ಮೊದಲು ಕಾಗದ ಪೆನ್ಸಿಲುಗಳನ್ನು ಹಿಡಿಯುವುದು ಲೇಸು.

ಕಮಾನು ಗಾಡಿಯ ಬಂಧು

ಪ್ರಯಾಣದ ವಾಹನವನ್ನೇ ರಾತ್ರಿಯ ಮನೆಯಾಗಿ ಮಾಡಿಕೊಳ್ಳುವುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಂತಹ ಜಾತ್ರೆಗಳಿಗೆ ರೈತರು ಬಿದಿರು ಚಾಪೆಯ ಕಮಾನು ಕಟ್ಟಿದ ಗಾಡಿಗಳಲ್ಲಿ ಬಂದು, ಎತ್ತುಗಳನ್ನು ಬಿಚ್ಚಿ, ಮೂಕಿಗೆ ಊರೆ ಕೊಟ್ಟು ಗಾಡಿಯನ್ನು ನಿಲ್ಲಿಸಿ, ಹಿಂದೆ ಮೂರು ಕಲ್ಲುಗಳ ಒಲೆ ಹೂಡಿ ಮುದ್ದೆ ಬೇಯಿಸಿಕೊಂಡು, ಒಳಗೆ ಹುಲ್ಲಿನ ಮೇಲೆ ಕಂಬಳಿ ಹಾಸಿ ಮಲಗುತ್ತಿದ್ದರು. ಹನಿಬಂಡಿಯ ವ್ಯವಸ್ಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಮುಂದೆ ಹಾಸಿಗೆ, ಹಿಂದೆ ಒಲೆ, ಮೇಲೊಂದು ಕಮಾನು. ನೊಗವಿರಬೇಕಾದ ಕಡೆ ಒಂದು ಕಬ್ಬಿಣದ ಕೊಂಡಿ.

ಹನಿಬಂಡಿಯು ಅಮೆರಿಕದಲ್ಲಿ ಹುಟ್ಟಿದ್ದು ೧೯೩೦ರ ದಶಕದಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ. ಎರಡನೆಯ ಮಹಾಯುದ್ಧ ಮುಗಿದಮೇಲೆ ಅದು ಬಹಳ ಜನಪ್ರಿಯವಾಯಿತು. ೧೯೪೭ರಲ್ಲಿ ‘ಮೆಕಾನಿಕ್ಸ್ ಇಲ್ಲಸ್ಟ್ರೇಟೆಡ್’ ಎಂಬ ಮಾಸಪತ್ರಿಕೆಯು ಅದನ್ನು ಮನೆಯಲ್ಲಿಯೇ ಕಟ್ಟುವ ನಕ್ಷೆಯನ್ನು ಪ್ರಕಟಿಸಿತು. ಯುದ್ಧದಲ್ಲಿ ಬಳಸಿ ಮಿಕ್ಕಿದ ಜೀಪಿನ ಚಕ್ರಗಳೂ ವಿಮಾನದ ಅಲ್ಯೂಮಿನಿಯಂ ತಗಡೂ ಅಗ್ಗದ ಬೆಲೆಗೆ ದೊರೆಯುತ್ತಿದ್ದುದು ಕಟ್ಟುವವರಿಗೆ ಒದಗಿಬಂದ ಅನುಕೂಲ. ೧೯೬೦ರ ದಶಕದ ಹೊತ್ತಿಗೆ ದೊಡ್ಡ ಬಂಡಿಗಳ ಮೋಹದಲ್ಲಿ ಜನರು ಇದನ್ನು ಮರೆತರು. ೧೯೯೦ರ ದಶಕದಿಂದೀಚೆಗೆ ಮತ್ತೆ ಕಟ್ಟತೊಡಗಿದ್ದಾರೆ.

ವಿಮಾನದ ತಗಡು ನೆಲದ ಮೇಲಿನ ವಾಹನವಾದ ಕತೆಯು ಬೆಂಗಳೂರಿನವರಿಗೆ ಪರಕೀಯವಲ್ಲ. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ಇಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿಮಾಡಿ, ಯುದ್ಧ ಮುಗಿದ ಬಳಿಕ ಅದೇ ಕೈಚಳಕವನ್ನು ರೈಲುಗಾಡಿಯ ಡಬ್ಬಿಗಳಿಗೂ ಬಸ್ಸಿನ ಮೈಕಟ್ಟಿಗೂ ತಿರುಗಿಸಿತು. ಆ ರೈಲು ಡಬ್ಬಿಗಳ ವಿಭಾಗವೇ ಮುಂದೆ ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಗೆ ಸೇರಿತು. ತೆಳುವಾದ ತಗಡು, ಒಳಗೆ ಪಕ್ಕೆಲುಬುಗಳಂತಹ ಆಧಾರಪಟ್ಟಿಗಳು, ಎರಡೂ ಸೇರಿ ಭಾರ ಹೊರುವುದು—ಇದು ವಿಮಾನದ ಒಡಲಿನ ತತ್ತ್ವ. ಹನಿಬಂಡಿಯ ಮೈಕಟ್ಟಿಗೂ ಇದೇ ತತ್ತ್ವ ಸಾಕು.

ಹನಿಯ ಆಕಾರವೆಂಬ ಮಾತು

ಆಕಾಶದಿಂದ ಬೀಳುವ ಮಳೆಹನಿಯು ಚಿತ್ರಗಳಲ್ಲಿ ಬರೆಯುವಂತೆ ಚೂಪು ಬಾಲವುಳ್ಳದ್ದಲ್ಲವೆಂಬುದನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲಾಗದು. ಒಂದು ಮಿಲಿಮೀಟರಿಗಿಂತ ಕಿರಿದಾದ ಹನಿ ಬಹುಮಟ್ಟಿಗೆ ಗೋಳವಾಗಿರುತ್ತದೆ. ಅದಕ್ಕಿಂತ ದೊಡ್ಡದಾದರೆ ಕೆಳಗಿನಿಂದ ಒತ್ತುವ ಗಾಳಿಯಿಂದ ತಳ ಚಪ್ಪಟೆಯಾಗಿ, ಬೇಕರಿಯ ಬನ್ನಿನಂತೆ ಕಾಣುತ್ತದೆ. ಚಿತ್ರಕಾರನ ಹನಿಯು ಬೇರೆ. ಅದು ಮೀನಿನ ಒಡಲಿಗೆ ಹತ್ತಿರವಾದ ಆಕಾರ. ಮುಂದೆ ದುಂಡು, ಹಿಂದೆ ನಿಧಾನವಾಗಿ ಕಿರಿದಾಗುವ ಬಾಲ.

ಗಾಳಿಯನ್ನು ಸೀಳುವುದಕ್ಕೆ ಮುಂದಿನ ತುದಿ ಚೂಪಾಗಿರಬೇಕೆಂದು ಮೊದಲಿಗೆ ತೋರುವುದು ಸಹಜ. ವಾಸ್ತವವಾಗಿ ಕಷ್ಟವಿರುವುದು ಹಿಂಬದಿಯಲ್ಲಿ. ಚೌಕಾಕಾರದ ಪೆಟ್ಟಿಗೆಯೊಂದು ಓಡುವಾಗ ಅದರ ಅಂಚುಗಳನ್ನು ದಾಟಿದ ಗಾಳಿಯು ಹಿಂಬದಿಯ ಗೋಡೆಗೆ ಅಂಟಿ ಬರಲಾರದೆ ಬೇರ್ಪಟ್ಟು ಸುಳಿಗಳಾಗಿ ಒಡೆಯುತ್ತದೆ. ಆ ಸುಳಿಗಳಿರುವ ಕಡೆ ಒತ್ತಡ ಕಡಿಮೆ. ಮುಂದಿನ ಹೆಚ್ಚಿನ ಒತ್ತಡಕ್ಕೂ ಹಿಂದಿನ ಕಡಿಮೆ ಒತ್ತಡಕ್ಕೂ ಇರುವ ವ್ಯತ್ಯಾಸವೇ ಪೆಟ್ಟಿಗೆಯನ್ನು ಹಿಂದಕ್ಕೆ ಎಳೆಯುವ ಬಲ. ಬಾಲವು ಮೆಲ್ಲನೆ ಇಳಿದರೆ ಗಾಳಿಯು ಮೈಗೆ ಹತ್ತಿಕೊಂಡೇ ಬಂದು ಹಿಂದೆ ಸೇರುತ್ತದೆ.

ಲೆಕ್ಕವನ್ನು ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ತೂಕ ಘನಮೀಟರಿಗೆ ಸುಮಾರು ೧.೦೬ ಕಿಲೋಗ್ರಾಂ. ಗಂಟೆಗೆ ೬೦ ಕಿಲೋಮೀಟರ್, ಎಂದರೆ ಸೆಕೆಂಡಿಗೆ ೧೬.೭ ಮೀಟರ್ ವೇಗದಲ್ಲಿ ಎದುರಾಗುವ ಗಾಳಿಯು ಚದರ ಮೀಟರಿಗೆ ಸುಮಾರು ೧೪೭ ನ್ಯೂಟನ್ ಒತ್ತಡವನ್ನು ಉಂಟುಮಾಡಬಲ್ಲದು. ನಮ್ಮ ಬಂಡಿಯ ಎದುರುಮುಖ ೧.೨ ಮೀಟರ್ ಅಗಲ, ೧.೨ ಮೀಟರ್ ಎತ್ತರ. ಅದು ಚೌಕ ಪೆಟ್ಟಿಗೆಯಾಗಿದ್ದರೆ ಗಾಳಿಯ ತಡೆ ೧೯೦ ನ್ಯೂಟನ್ನಿನ ಸುಮಾರಿಗೆ ಬರುತ್ತದೆ. ದುಂಡಾದ ಮೈಯಿದ್ದರೆ ಅದರ ಅರ್ಧಕ್ಕೂ ಕಡಿಮೆಯಾಗಬಹುದು. ಬಂಡಿಯು ಕಾರಿನ ಮರೆಯಲ್ಲಿ ಓಡುವುದರಿಂದ ನಿಜವಾದ ಉಳಿತಾಯ ಇದಕ್ಕಿಂತಲೂ ಕಡಿಮೆ.

ಇನ್ನು ಘಟ್ಟವನ್ನು ಹತ್ತುವ ಸಂದರ್ಭವನ್ನು ತೆಗೆದುಕೊಳ್ಳಿರಿ. ೩೪೦ ಕಿಲೋಗ್ರಾಂ ತೂಕದ ಬಂಡಿಯನ್ನು ಹದಿನೈದಕ್ಕೆ ಒಂದರಷ್ಟು ಏರುವ ರಸ್ತೆಯಲ್ಲಿ ಎಳೆಯಲು ಕೇವಲ ಏರಿಗಾಗಿಯೇ ಸುಮಾರು ೨೨೦ ನ್ಯೂಟನ್ ಬಲ ಬೇಕು. ಅಲ್ಲಿ ವೇಗ ಗಂಟೆಗೆ ೩೦ ಕಿಲೋಮೀಟರಿಗೆ ಇಳಿದಿರುವುದರಿಂದ ಗಾಳಿಯ ತಡೆಯು ನಾಲ್ಕನೆಯ ಒಂದು ಭಾಗವಾಗಿರುತ್ತದೆ. ಆದುದರಿಂದ ನಮ್ಮ ರಸ್ತೆಗಳಲ್ಲಿ ಹನಿಬಂಡಿಯ ಹೆಚ್ಚುಗಾರಿಕೆಯು ಅದರ ಹನಿಯ ಆಕಾರಕ್ಕಿಂತ ಅದರ ಕಿರಿತನದಲ್ಲಿಯೇ ಇದೆ ಎಂದು ನಮ್ಮ ಅಭಿಪ್ರಾಯ. ಆಕಾರದ ಅಂದಕ್ಕಾಗಿ ತೂಕವನ್ನು ಏರಿಸಿಕೊಂಡವನು ಕೊಟ್ಟದ್ದು ಹೆಚ್ಚು, ಪಡೆದದ್ದು ಕಡಿಮೆ.

ಹಲಗೆ, ತಗಡು, ಕಮಾನು

ಅಂಗಡಿಯಲ್ಲಿ ದೊರೆಯುವ ಪ್ಲೈವುಡ್ ಹಲಗೆಯು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. ಎಂದರೆ ಸುಮಾರು ೨.೪ ಮೀಟರಿಗೆ ೧.೨ ಮೀಟರ್. ಹನಿಬಂಡಿಯ ಅಳತೆಯನ್ನೆಲ್ಲ ನಿರ್ಧರಿಸಿದ್ದು ಈ ಹಲಗೆಯೇ. ನೆಲಕ್ಕೆ ಒಂದು ಹಲಗೆ, ಎರಡು ಪಕ್ಕಗಳಿಗೆ ಎರಡು. ಪಕ್ಕದ ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಹನಿಯ ರೇಖೆಯನ್ನು ಒಟ್ಟಿಗೆ ಕೊಯ್ದರೆ ಎರಡೂ ಸರಿಸಮವಾಗಿ ಬರುತ್ತವೆ. ಉದ್ದದಲ್ಲಿ ೧.೯ ಮೀಟರು ಹಾಸಿಗೆಗೆ, ಉಳಿದ ಅರ್ಧ ಮೀಟರು ಹಿಂದಿನ ಅಡುಗೆ ಗೂಡಿಗೆ. ಇಷ್ಟು ಕಿರಿದಾದುದರಿಂದಲೇ ಸಿದ್ದಾಪುರದಂತಹ ಇಕ್ಕಟ್ಟಾದ ಬೀದಿಗಳ ಬಡಾವಣೆಯಲ್ಲಿಯೂ ಅದನ್ನು ಮನೆಯ ಪಕ್ಕದ ಓಣಿಯಲ್ಲಿ ನಿಲ್ಲಿಸುವ ಆಸೆಯನ್ನು ಇಟ್ಟುಕೊಳ್ಳಬಹುದು.

ಕಮಾನಿನ ಚಾವಣಿಯನ್ನು ಬಗ್ಗಿಸುವಾಗ ಹೊಸಬರು ಹಲಗೆಯನ್ನು ಮುರಿದುಕೊಳ್ಳುವುದುಂಟು. ಇದಕ್ಕೆ ಒಂದು ಸರಳವಾದ ಸೂತ್ರವಿದೆ. ಹಲಗೆಯನ್ನು ಬಗ್ಗಿಸಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹೊರಮೈ ಹಿಗ್ಗುವ ಪ್ರಮಾಣವು ಹಲಗೆಯ ದಪ್ಪವನ್ನು ಬಾಗಿನ ವ್ಯಾಸದಿಂದ ಭಾಗಿಸಿದಷ್ಟು. ಬಾಗಿನ ತ್ರಿಜ್ಯ ೬೦೦ ಮಿಲಿಮೀಟರಾದರೆ ವ್ಯಾಸ ೧೨೦೦. ಮೂರು ಮಿಲಿಮೀಟರ್ ದಪ್ಪದ ಹಲಗೆಯು ಶೇಕಡಾ ಕಾಲು ಭಾಗ ಹಿಗ್ಗುತ್ತದೆ. ಅದನ್ನು ಅದು ತಾಳಿಕೊಳ್ಳುತ್ತದೆ. ಹನ್ನೆರಡು ಮಿಲಿಮೀಟರ್ ಹಲಗೆಯಾದರೆ ಶೇಕಡಾ ಒಂದರಷ್ಟು ಹಿಗ್ಗಬೇಕು. ಒಣಮರದ ಎಳೆಗಳು ಹರಿಯುವುದು ಆ ಸುಮಾರಿನಲ್ಲಿಯೇ. ಹೀಗಾಗಿ ದಪ್ಪ ಚಾವಣಿ ಬೇಕಾದಲ್ಲಿ ತೆಳುಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಬಗ್ಗಿಸಬೇಕೇ ಹೊರತು ದಪ್ಪ ಹಲಗೆಯೊಡನೆ ಹೋರಾಡಬಾರದು.

ಅಂಟಿನ ವಿಷಯದಲ್ಲಿ ಜಿಪುಣತನ ಸಲ್ಲದು. ಫೀನಾಲ್ ಮತ್ತು ಫಾರ್ಮಾಲ್ಡಿಹೈಡುಗಳಿಂದಾದ ರಾಳದಿಂದ ಕೂಡಿಸಿದ ಹಲಗೆಯು ಕುದಿಯುವ ನೀರನ್ನೂ ತಡೆಯುತ್ತದೆ. ಮನೆಯೊಳಗಿನ ಪೀಠೋಪಕರಣಗಳಿಗೆಂದು ಮಾಡಿದ ಅಗ್ಗದ ಹಲಗೆಯು ಒಂದು ಮಳೆಗಾಲದಲ್ಲಿಯೇ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ೧೯೬೨ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾದ ಪ್ಲೈವುಡ್ ಕೈಗಾರಿಕೆಗಳ ಸಂಶೋಧನಾ ಸಂಸ್ಥೆಯು ಇಂತಹ ಅಂಟುಗಳ ಮೇಲೆ ಕೆಲಸ ನಡೆಸಿದುದನ್ನು ವಾಚಕರು ತಿಳಿದಿರಲಿ. ಹಲಗೆಯ ಮೇಲೆ ಸುಣ್ಣದ ಗೋಡೆಗೆ ಬಳಿಯುವ ಬಣ್ಣವನ್ನು ಬಳಿದು ಸುಮ್ಮನಾಗಬಾರದು. ಹಲಗೆಯ ಅಂಚುಗಳೇ ನೀರು ಕುಡಿಯುವ ಬಾಯಿಗಳು. ಅಲ್ಲಿಗೆ ಮೇಣದಂತಹ ಲೇಪವನ್ನು ಎರಡು ಮೂರು ಸಲ ಹಚ್ಚಿ, ಮೇಲೆ ಅಲ್ಯೂಮಿನಿಯಂ ತಗಡನ್ನು ಹೊದಿಸತಕ್ಕದ್ದು. ಅಲ್ಯೂಮಿನಿಯಂ ತಗಡಿಗೆ ಬರಿಯ ಕಬ್ಬಿಣದ ಮೊಳೆ ಹೊಡೆದರೆ ನೀರು ಬಿದ್ದೊಡನೆ ಎರಡು ಲೋಹಗಳು ಸೇರಿ ಒಂದು ಪುಟ್ಟ ವಿದ್ಯುತ್‌ಕೋಶವೇ ಆಗಿ, ಮೊಳೆಯ ಸುತ್ತಲಿನ ತಗಡು ಕೊರೆದುಹೋಗುತ್ತದೆ.

ಕೆಳಗಿನ ಚೌಕಟ್ಟು, ಅಚ್ಚು, ಬಿಲ್ಲುಪಟ್ಟಿ, ಚಕ್ರ, ಕೊಂಡಿ ಇವು ಮಾತ್ರ ಹವ್ಯಾಸಿಗಳ ಕೈಗೆ ಬಿಡುವ ಭಾಗಗಳಲ್ಲ. ಜೆ. ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಇವು ದೊರೆತರೂ ಬೆಸುಗೆಯನ್ನು ಅನುಭವಿಯಿಂದಲೇ ಮಾಡಿಸತಕ್ಕದ್ದು.

ಮೂಕಿಯ ಮೇಲಿನ ಭಾರ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಎರಡು ಚಕ್ರದ ಬಂಡಿಯು ಒಂದು ತಕ್ಕಡಿ. ಅಚ್ಚೇ ಅದರ ಆನಿಕೆ. ಅಚ್ಚಿನ ಮುಂದಿರುವ ಭಾರ ಮೂಕಿಯನ್ನು ಕೆಳಕ್ಕೆ ಒತ್ತುತ್ತದೆ, ಹಿಂದಿರುವ ಭಾರ ಮೇಲಕ್ಕೆ ಎತ್ತುತ್ತದೆ. ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಕಣ್ಣಿ ಬಿಗಿಯುತ್ತದೆ; ಮುಂಭಾರ ಅತಿಯಾದರೆ ಹೆಗಲು ಹುಣ್ಣಾಗುತ್ತದೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ದೀರ್ಘಕಾಲ ದುಡಿದರು; ಎತ್ತಿನ ಹೆಗಲಿನ ಮೇಲೆ ಬೀಳುವ ಹೊರೆಯು ಅವರು ಎತ್ತಿ ಹೇಳಿದ ಮುಖ್ಯ ಪ್ರಶ್ನೆಗಳಲ್ಲೊಂದು.

ಕಾರಿಗೆ ಕಟ್ಟಿದ ಬಂಡಿಯಲ್ಲಿ ಒಟ್ಟು ತೂಕದ ಶೇಕಡಾ ೧೦ರಿಂದ ೧೫ರಷ್ಟು ಭಾಗ ಕೊಂಡಿಯ ಮೇಲೆ ಬೀಳಬೇಕೆಂಬುದು ಅನುಭವದಿಂದ ಕಂಡುಕೊಂಡ ನಿಯಮ. ನಮ್ಮ ಬಂಡಿಯು ಬರಿದಾಗಿರುವಾಗ ೩೦೦ ಕಿಲೋಗ್ರಾಂ ತೂಗುತ್ತದೆಯೆಂದೂ, ಅಚ್ಚಿನಿಂದ ಕೊಂಡಿಗೆ ೨.೪ ಮೀಟರ್ ದೂರವೆಂದೂ, ಕೊಂಡಿಯ ಮೇಲಿನ ಭಾರ ೩೬ ಕಿಲೋಗ್ರಾಂ, ಎಂದರೆ ಶೇಕಡಾ ೧೨ ಎಂದೂ ಇಟ್ಟುಕೊಳ್ಳೋಣ. ಪ್ರವಾಸಕ್ಕೆ ಹೊರಡುವವರು ನೀರಿನ ಕ್ಯಾನು, ಅಕ್ಕಿ, ಪಾತ್ರೆ ಎಲ್ಲ ಸೇರಿ ೪೦ ಕಿಲೋಗ್ರಾಂ ಸಾಮಾನನ್ನು, ಅಡುಗೆ ಗೂಡು ಹಿಂದೆ ಇರುವುದರಿಂದ, ಅಲ್ಲಿಯೇ ತುಂಬಿದರೆನ್ನಿ. ಆ ಸ್ಥಳ ಅಚ್ಚಿನಿಂದ ೧.೧ ಮೀಟರ್ ಹಿಂದೆ. ೪೦ನ್ನು ೧.೧ರಿಂದ ಗುಣಿಸಿದರೆ ೪೪; ಅದನ್ನು ೨.೪ರಿಂದ ಭಾಗಿಸಿದರೆ ೧೮ಕ್ಕೆ ಸ್ವಲ್ಪ ಹೆಚ್ಚು. ಕೊಂಡಿಯ ಭಾರ ಅಷ್ಟು ಇಳಿದು ೧೮ ಕಿಲೋಗ್ರಾಮಿಗೆ ಬರುತ್ತದೆ. ಒಟ್ಟು ತೂಕ ೩೪೦ ಆಗಿರುವುದರಿಂದ ಪ್ರಮಾಣ ಶೇಕಡಾ ೫ರ ಆಸುಪಾಸು. ಬಂಡಿ ನಿಂತಿರುವಾಗ ಏನೂ ತೋರುವುದಿಲ್ಲ. ಕೊಂಡಿ ಹಗುರವಾಗಿ ಎತ್ತಲು ಸುಲಭವೂ ಆಗಿರುವುದರಿಂದ ಹೊರಡುವವರಿಗೆ ಸಂತೋಷವೇ ಆಗಬಹುದು!

ಅದೇ ೪೦ ಕಿಲೋಗ್ರಾಮನ್ನು ಎರಡು ಪಾಲುಮಾಡಿ, ಅರ್ಧವನ್ನು ಹಿಂದಿನ ಗೂಡಿನಲ್ಲಿಯೂ ಉಳಿದರ್ಧವನ್ನು ಅಚ್ಚಿನಿಂದ ೧.೨ ಮೀಟರ್ ಮುಂದೆ, ಮೂಕಿಯ ಮೇಲಿನ ಪೆಟ್ಟಿಗೆಯಲ್ಲಿಯೂ ಇಟ್ಟರೆ ಕೊಂಡಿಯ ಭಾರ ೩೭ರ ಸಮೀಪದಲ್ಲಿದ್ದು ಶೇಕಡಾ ೧೧ರಷ್ಟಾಗುತ್ತದೆ. ಎಲ್ಲವನ್ನೂ ಅಚ್ಚಿನ ನೇರಕ್ಕೆ ಇಟ್ಟರೂ ಫಲ ಬಹುಮಟ್ಟಿಗೆ ಅದೇ. ವಾಸ್ತವವಾಗಿ ಅದೇ ಉತ್ತಮ. ಎಲ್ಲವನ್ನೂ ಮುಂದಕ್ಕೆ ಒಯ್ದರೆ ೫೬ ಕಿಲೋಗ್ರಾಮಾಗಿ ಮಿತಿಯನ್ನು ಮೀರುತ್ತದೆ. ಆಗ ಕಾರಿನ ಹಿಂಬದಿ ಕುಸಿದು ಮುಂದಿನ ಚಕ್ರಗಳು ಹಗುರವಾಗುತ್ತವೆ, ಸ್ಟಿಯರಿಂಗು ಹೇಳಿದಂತೆ ಕೇಳುವುದಿಲ್ಲ.

ಇನ್ನು ಹಿಂಭಾರದ ಬಂಡಿ ಓಡುವಾಗ ಏನಾಗುತ್ತದೆ? ಒಂದು ಗುಂಡಿಯೋ, ಪಕ್ಕದಲ್ಲಿ ಹಾದುಹೋದ ಬಸ್ಸಿನ ಗಾಳಿಯೋ ಬಂಡಿಯನ್ನು ಕೊಂಚ ಓರೆಮಾಡುತ್ತದೆ. ಬಂಡಿಯು ಕೊಂಡಿಯ ಸುತ್ತ, ಗಡಿಯಾರದ ಲೋಲಕದಂತೆ, ಆದರೆ ನೆಲಕ್ಕೆ ಸಮನಾಗಿ, ಎಡಕ್ಕೂ ಬಲಕ್ಕೂ ತೂಗತೊಡಗುತ್ತದೆ. ಈ ತೂಗಾಟವನ್ನು ಅಡಗಿಸುವುದು ಟೈರು. ಬಂಡಿ ಪಕ್ಕಕ್ಕೆ ಚಲಿಸುವಾಗ ಟೈರು ತಾನು ಉರುಳುವ ದಿಕ್ಕಿಗೆ ಓರೆಯಾಗಿ ನೆಲವನ್ನು ಉಜ್ಜುತ್ತ ಆ ಚಲನೆಯ ಶಕ್ತಿಯನ್ನು ನುಂಗುತ್ತದೆ. ಎಷ್ಟು ನುಂಗುತ್ತದೆಂಬುದು ಓರೆಯ ಕೋನವನ್ನು ಅವಲಂಬಿಸಿದೆ. ಆ ಕೋನವಾದರೋ ಪಕ್ಕದ ವೇಗವನ್ನು ಮುಂದಿನ ವೇಗದಿಂದ ಭಾಗಿಸಿದಷ್ಟು. ಅಂದಮೇಲೆ ಅದೇ ತೂಗಾಟಕ್ಕೆ ವೇಗ ಹೆಚ್ಚಾದಷ್ಟೂ ಕೋನ ಕಿರಿದು, ನುಂಗುವ ಶಕ್ತಿಯೂ ಕಿರಿದು. ಒಂದು ವೇಗವನ್ನು ದಾಟಿದಮೇಲೆ ಪ್ರತಿಯೊಂದು ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗುತ್ತದೆ. ಗುರುತ್ವ ಕೇಂದ್ರವು ಅಚ್ಚಿನ ಹಿಂದಿದ್ದರೆ ಬಂಡಿಯ ಬಾಲ ಬೀಸಿದಾಗಲೆಲ್ಲ ಮೂಕಿಯು ಕಾರಿನ ಹಿಂಬದಿಯನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಮೇಲೆತ್ತುವ ಕೊಂಡಿಯಿಂದ ಕಾರಿನ ಹಿಂದಿನ ಚಕ್ರಗಳ ಹಿಡಿತವೂ ಸಡಿಲವಾಗಿರುತ್ತದೆ. ಆಗ ಅಪಾಯದ ವೇಗವು ತೀರ ಕೆಳಕ್ಕೆ ಇಳಿದುಬರುತ್ತದೆ. ಬರಿಯ ಬಂಡಿಗೆ ನಿರಪಾಯವಾಗಿದ್ದ ವೇಗವೇ ಹಿಂದೆ ತುಂಬಿದ ಬಂಡಿಗೆ ಪ್ರಾಣಾಂತಿಕವಾಗಬಹುದು.

ಮೂಕಿ ಉದ್ದವಾದಷ್ಟೂ ಟೈರಿನ ಪಕ್ಕದ ವೇಗ ಹೆಚ್ಚಾಗಿ ತೂಗಾಟ ಬೇಗ ಅಡಗುತ್ತದೆ. ಅಂದಕ್ಕೆಂದು ಮೂಕಿಯನ್ನು ಮೊಟಕುಮಾಡಬಾರದು. ತೂಗಾಟ ಶುರುವಾದರೆ ವೇಗವರ್ಧಕದಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರಕ್ಕೆ ಭದ್ರವಾಗಿ ಹಿಡಿದು, ಬಂಡಿ ತಾನಾಗಿ ನಿಧಾನವಾಗುವಂತೆ ಬಿಡಬೇಕು. ಥಟ್ಟನೆ ಬ್ರೇಕು ಒತ್ತುವುದೂ ತೂಗಾಟಕ್ಕೆ ಎದುರಾಗಿ ಸ್ಟಿಯರಿಂಗನ್ನು ತಿರುಗಿಸುವುದೂ ಅನಾಹುತಕ್ಕೆ ದಾರಿ. ಬ್ರೇಕಿನ ಮಾತು ಬಂದುದರಿಂದ ಇನ್ನೊಂದು ಲೆಕ್ಕ. ಸಾವಿರ ಕಿಲೋಗ್ರಾಂ ತೂಕದ ಕಾರು ಒಂದು ವೇಗದಿಂದ ೨೦ ಮೀಟರಿನಲ್ಲಿ ನಿಲ್ಲುತ್ತದೆಯೆನ್ನಿ. ಅದರ ಹಿಂದೆ ಸ್ವಂತ ಬ್ರೇಕಿಲ್ಲದ ೩೪೦ ಕಿಲೋಗ್ರಾಮಿನ ಬಂಡಿಯಿದ್ದರೆ ಅದೇ ಬ್ರೇಕಿನ ಬಲಕ್ಕೆ ಸುಮಾರು ೨೭ ಮೀಟರು ಬೇಕು. ಆ ಏಳು ಮೀಟರಿನಲ್ಲಿ ರಸ್ತೆ ದಾಟುವ ಮಗುವೊಂದು ಇರಬಹುದು.

ಒಳಗಿನ ಗಾಳಿ

ಹನಿಬಂಡಿಯ ಸುಖವೆಲ್ಲ ಅದನ್ನು ನಿಲ್ಲಿಸಿದಮೇಲೆ. ಸಿದ್ದಾಪುರದಿಂದ ಹೊರಟು ಕನಕಪುರದ ದಾರಿಯಲ್ಲಿ ನಗರದ ದೀಪಗಳು ಹಿಂದೆ ಸರಿದ ಮೇಲೆ, ಒಡೆಯರ ಅನುಮತಿ ಪಡೆದ ತೋಟವೊಂದರಲ್ಲಿ ಬಂಡಿಯನ್ನು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಮುಚ್ಚಳವನ್ನು ಮೇಲೆತ್ತಿದರೆ ಅದೇ ಅಡುಗೆಯವನ ತಲೆಗೆ ಚಪ್ಪರವಾಗುತ್ತದೆ. ಬಿಸಿ ಅನ್ನ ಸಾರು ಆಗುವ ಹೊತ್ತಿಗೆ ಬೆಂಗಳೂರಿನ ಆಕಾಶದಲ್ಲಿ ಎಂದೂ ಕಾಣದಷ್ಟು ನಕ್ಷತ್ರಗಳು ಮೂಡಿರುತ್ತವೆ. ನೆಲದ ಸೆಜ್ಜೆಗಿಂತ ಎರಡಡಿ ಮೇಲಿರುವ ಒಣಹಾಸಿಗೆಯು ಮಳೆ ಬಂದರೂ ನೆನೆಯದು, ಚೇಳು ಹಾವುಗಳ ಭಯವೂ ಕಡಿಮೆ.

ಆದರೆ ಆ ಕೋಣೆಯ ಗಾತ್ರವನ್ನು ಮರೆಯುವಂತಿಲ್ಲ. ಮಲಗುವ ಭಾಗದಲ್ಲಿರುವ ಗಾಳಿ ಹೆಚ್ಚೆಂದರೆ ೨.೨ ಘನಮೀಟರ್, ಎಂದರೆ ೨೨೦೦ ಲೀಟರ್. ನಿದ್ರಿಸುವ ಇಬ್ಬರು ಗಂಟೆಗೆ ಸುಮಾರು ೨೭ ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾರೆ. ಕಿಂಡಿಗಳನ್ನೆಲ್ಲ ಮುಚ್ಚಿದರೆ ಅದರ ಪ್ರಮಾಣ ಗಂಟೆಗೆ ಶೇಕಡಾ ೧.೨ರಂತೆ ಏರಿ, ಮೂರು ಗಂಟೆಗಳಲ್ಲಿ ಶೇಕಡಾ ಮೂರೂವರೆಯನ್ನು ಮೀರುತ್ತದೆ. ತಲೆನೋವು, ಏದುಸಿರು ಬರುವ ಮಟ್ಟ ಅದು. ಒಳ್ಳೆಯ ಗಾಳಿಯ ಮಟ್ಟವಾದ ಶೇಕಡಾ ೦.೧ರಲ್ಲಿ ಅದನ್ನು ಇರಿಸಬೇಕಾದರೆ ಗಂಟೆಗೆ ಸುಮಾರು ೪೫ ಘನಮೀಟರ್ ಹೊರಗಾಳಿ ಬರಬೇಕು. ಕೋಣೆಯ ಗಾಳಿಯೆಲ್ಲ ಗಂಟೆಗೆ ಇಪ್ಪತ್ತು ಸಲ ಬದಲಾಗಬೇಕೆಂದಾಯಿತು. ಎರಡು ಪಕ್ಕಗಳಲ್ಲಿಯೂ ಎದುರೆದುರಾಗಿ ಸೊಳ್ಳೆಬಲೆ ಹೊಡೆದ ಕಿಟಕಿಗಳು, ಚಾವಣಿಯಲ್ಲಿ ಒಂದು ಗವಾಕ್ಷಿ, ಇವು ಅಲಂಕಾರಗಳಲ್ಲ. ಬಲೆಯು ಗಾಳಿಯ ಹರಿವನ್ನು ತಗ್ಗಿಸುವುದರಿಂದ ಕಿಟಕಿಯನ್ನು ಅಷ್ಟು ದೊಡ್ಡದು ಮಾಡಿರಿ.

ಉಸಿರಿನೊಡನೆ ಮತ್ತು ಬೆವರಿನೊಡನೆ ಇಬ್ಬರಿಂದ ಒಂದು ರಾತ್ರಿಯಲ್ಲಿ ಹೊರಬೀಳುವ ನೀರಾವಿಯು ಮುನ್ನೂರರಿಂದ ಐನೂರು ಗ್ರಾಂ ಇರಬಹುದು. ೨೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಆ ಕೋಣೆಯ ಗಾಳಿಯು ಹಿಡಿದಿಡಬಲ್ಲದ್ದು ಸುಮಾರು ೩೮ ಗ್ರಾಂ ಮಾತ್ರ. ಉಳಿದುದು ಡಿಸೆಂಬರಿನ ರಾತ್ರಿಯಲ್ಲಿ ತಣ್ಣಗಾದ ತಗಡಿನ ಒಳಮೈಯಲ್ಲಿ ಹನಿಗಟ್ಟಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ತಗಡಿಗೂ ಒಳಹಲಗೆಗೂ ನಡುವೆ ಎರಡು ಸೆಂಟಿಮೀಟರ್ ಥರ್ಮೋಕೋಲನ್ನು ಇಟ್ಟರೆ ಒಳಮೈ ಅಷ್ಟು ತಣ್ಣಗಾಗದು.

ಚಳಿಯೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗೆ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳುವುದನ್ನು ಮಾತ್ರ ಎಂದಿಗೂ ಮಾಡಕೂಡದು. ಅರ್ಧ ಉರಿದ ಇದ್ದಿಲಿನಿಂದ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಅಡುಗೆಯ ಅನಿಲವಾದರೋ ಗಾಳಿಗಿಂತ ಭಾರ. ಸೋರಿದರೆ ನೀರಿನಂತೆ ಹರಿದು ತಳದಲ್ಲಿ ನಿಲ್ಲುತ್ತದೆ. ಆದುದರಿಂದ ಅಡುಗೆ ಗೂಡಿಗೂ ಮಲಗುವ ಭಾಗಕ್ಕೂ ನಡುವಣ ಗೋಡೆ ಸಂದಿಲ್ಲದಂತಿದ್ದು, ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ರಂಧ್ರಗಳಿರಬೇಕು.

೧೯೮೮ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಮೋಟಾರು ವಾಹನವು ಎಳೆಯುವ ಟ್ರೇಲರಿಗೂ ನೋಂದಣಿ ಬೇಕು. ಮನೆಯಲ್ಲಿ ಕಟ್ಟಿದ ಬಂಡಿಯನ್ನು ಹಾಗೆಯೇ ರಸ್ತೆಗೆ ಇಳಿಸಲಾಗದು. ಹಲಗೆ ಕೊಳ್ಳುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಕಾರನ್ನು ತಯಾರಿಸಿದವರು ಅದಕ್ಕೆ ಎಷ್ಟು ಭಾ‌ರ ಎಳೆಯುವ ಅನುಮತಿ ಕೊಟ್ಟಿದ್ದಾರೆಂಬುದನ್ನೂ ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿರಿ. ಓಡುವ ಬಂಡಿಯೊಳಗೆ ಯಾರೂ ಕೂರಬಾರದು, ಮಲಗಬಾರದು.

ಕಾರಾಗಲಿ ಅನುಮತಿಯಾಗಲಿ ಇಲ್ಲದ ವಿದ್ಯಾರ್ಥಿಗಳು ಇದನ್ನು ಚಿಕ್ಕ ಮಾದರಿಯಲ್ಲಿ ಪರೀಕ್ಷಿಸಬಹುದು. ಒಂದು ಆಟಿಕೆಯ ಕಾರಿನ ಹಿಂದೆ, ಸಡಿಲವಾಗಿ ತಿರುಗುವ ತಂತಿಯ ಕೊಂಡಿಯಿಂದ, ಎರಡು ಚಕ್ರದ ರಟ್ಟಿನ ಬಂಡಿಯೊಂದನ್ನು ಕಟ್ಟಿರಿ. ವ್ಯಾಯಾಮಶಾಲೆಯ ಟ್ರೆಡ್‌ಮಿಲ್ಲಿನ ಪಟ್ಟಿಯ ಮೇಲೆ ಅದನ್ನು ಇಟ್ಟು, ಕಾರಿನ ಮುಂಭಾಗವನ್ನು ದಾರದಿಂದ ಯಂತ್ರದ ಚೌಕಟ್ಟಿಗೆ ಕಟ್ಟಿ, ಪಟ್ಟಿಯನ್ನು ನಿಧಾನವಾಗಿ ಓಡಿಸಿರಿ. ಐದು ರೂಪಾಯಿಯ ನಾಣ್ಯಗಳನ್ನು ಮೊದಲು ಬಂಡಿಯ ಅಚ್ಚಿನ ಮುಂದೆ, ಆಮೇಲೆ ಹಿಂದೆ ಅಂಟಿಸಿ, ಪ್ರತಿ ಸಲವೂ ಬಂಡಿಯ ಬಾಲವನ್ನು ಪೆನ್ಸಿಲಿನಿಂದ ಒಮ್ಮೆ ಮೆಲ್ಲನೆ ತಟ್ಟಿರಿ. ಮುಂಭಾರದ ಬಂಡಿಯು ಒಂದೆರಡು ಸಲ ಓಲಾಡಿ ಸುಮ್ಮನಾಗುತ್ತದೆ. ಹಿಂಭಾರದ ಬಂಡಿಯನ್ನು ತಟ್ಟಿದಮೇಲೆ ಕೈಯನ್ನು ಬೇಗನೆ ಹಿಂದಕ್ಕೆ ತೆಗೆದುಕೊಳ್ಳಿರಿ. ಬೇರೆ ಬೇರೆ ವೇಗಗಳಲ್ಲಿ ಎಷ್ಟು ನಾಣ್ಯಗಳಿಗೆ ಅದು ಪಟ್ಟಿಯಿಂದ ಹೊರಕ್ಕೆ ಹಾರಿತೆಂಬುದನ್ನು ಕಾಗದದ ಮೇಲೆ ಗುರುತು ಹಾಕಿ ರೇಖಾಚಿತ್ರವನ್ನು ಬರೆಯಿರಿ.